ಬದುವಿನ ಮರ ಯಾರ ಹೊಣೆ?

ತೆರಕಣಾಂಬಿಯ ಮಾರುಕಟ್ಟೆಯಿಂದ ಕೇರಳಕ್ಕೂ ತಮಿಳುನಾಡಿಗೂ ತರಕಾರಿ ಲಾರಿಗಳು ಹೊರಡುತ್ತವೆ. ಟೊಮೆಟೊ, ಬೀಟ್ರೂಟ್, ಕೋಸಿನ ಬೆಲೆ ಕಟ್ಟುವಾಗ ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಆ ಬೆಳೆಗಾಗಿ ಕಡಿದ ಬದುವಿನ ಮರ ಮಾತ್ರ ಯಾವ ಚೀಟಿಯಲ್ಲೂ ಬರುವುದಿಲ್ಲ.

ಇಲ್ಲಿಂದ ದಕ್ಷಿಣಕ್ಕೆ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ, ಪೂರ್ವಕ್ಕೆ 2011ರಲ್ಲಿ ಹುಲಿ ಮೀಸಲು ಎನಿಸಿಕೊಂಡ ಬಿಳಿಗಿರಿರಂಗನ ಬೆಟ್ಟ. ನಡುವೆ ಇರುವುದು ರೈತರ ಹೊಲ. ಆನೆ ಕಂದಕ, ಸೋಲಾರ್ ಬೇಲಿಯಿಂದಾಚೆಯ ಜೀವಗಳ ಹೊಣೆ ಇಲಾಖೆಯದು ಎಂದುಕೊಂಡು ನಾವು ನಿಶ್ಚಿಂತರಾಗಿದ್ದೇವೆ. ಈ ನಿಶ್ಚಿಂತೆಯೇ ತಪ್ಪು.

ನೀಲಕಂಠ ಹಕ್ಕಿಯನ್ನೇ ನೋಡಿ. ಕರ್ನಾಟಕದ ರಾಜ್ಯಪಕ್ಷಿ ಅದು. ಆದರೆ ದಟ್ಟ ಕಾಡು ಅದಕ್ಕೆ ಒಗ್ಗದು. ಅದಕ್ಕೆ ಬೇಕಾದದ್ದು ಬಯಲು ಹೊಲ, ಕೂತು ನೋಡಲು ಒಂದು ಒಣಕೊಂಬೆ, ಮಿಡತೆ ಜೀರುಂಡೆಗಳಿರುವ ನೆಲ, ಮೊಟ್ಟೆಯಿಡಲು ಹಳೆಯ ಮರದ ಪೊಟರೆ. ರಾಗಿ, ಜೋಳ, ಹುರುಳಿಯ ಜೊತೆಗೆ ಅಕ್ಕಡಿ ಸಾಲು ಬಿಡುತ್ತಿದ್ದ ಮಳೆಯಾಶ್ರಿತ ಹೊಲದಲ್ಲಿ ಇವೆಲ್ಲ ತಾವಾಗಿಯೇ ಇದ್ದವು. ಬೇಲಿಸಾಲಿನ ಕತ್ತಾಳೆ, ಕಳ್ಳಿಯ ಬುಡದಲ್ಲಿ ಗೌಜಲಹಕ್ಕಿ ನೆಲ ಕೆರೆದು ಮೊಟ್ಟೆಯಿಡುತ್ತಿತ್ತು. ಮೇಯುವ ದನದ ಬೆನ್ನೇರಿ ಕೂತ ಕಾಜಾಣ, ಗೊರಸಿಗೆ ಬೆದರಿ ಹಾರಿದ ಹುಳುವನ್ನು ಗಾಳಿಯಲ್ಲೇ ಹಿಡಿಯುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಒಂದೇ ಬೆಳೆ ಬೇಲಿಯಿಂದ ಬೇಲಿಗೆ ಹಬ್ಬಿತು: ಅರಿಸಿನ, ಬಾಳೆ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುವ ಚೆಂಡುಹೂ. ನೆರಳು ಬೀಳುತ್ತದೆಂದು ಮರ ಹೋಯಿತು. ಔಷಧಿ ಹೊಡೆದು ಹುಳು ಹೋಯಿತು.

ಹಾಗೆಂದು ಹೊಲ ಬರಿದಾಗಿ ಕಾಣುವುದಿಲ್ಲ. ಗೊರವಂಕ, ಕಾಗೆ, ಬೆಳ್ಳಕ್ಕಿ ಧಾರಾಳವಾಗಿವೆ. ತಲೆ ಎಣಿಸಿದರೆ ನಷ್ಟ ತಿಳಿಯುವುದಿಲ್ಲ, ಯಾವ ಹಕ್ಕಿ ಇಲ್ಲ ಎಂದು ಕೇಳಿದಾಗಲೇ ತಿಳಿಯುವುದು. ಎಲ್ಲಿಯೂ ಬದುಕಬಲ್ಲವು ಉಳಿಯುತ್ತವೆ, ಇಂಥದ್ದೇ ಜಾಗ ಬೇಕೆನ್ನುವವು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತವೆ.

ರಣಹದ್ದಿನ ಕತೆ ಇನ್ನೂ ಕಟುವಾದದ್ದು. ಬಂಡೀಪುರದ ಬಿಳಿಬೆನ್ನಿನ ರಣಹದ್ದು ಆಹಾರಕ್ಕಾಗಿ ಹತ್ತಾರು ಕಿಲೋಮೀಟರ್ ಹಾರುತ್ತದೆ. ನೋವಿಗೆಂದು ಡೈಕ್ಲೊಫೆನಾಕ್ ಚುಚ್ಚಿಸಿಕೊಂಡ ದನ ಬೇಗನೆ ಸತ್ತು ಬಯಲಿಗೆ ಬಿದ್ದರೆ, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಪಶುಚಿಕಿತ್ಸೆಯಲ್ಲಿ ಈ ಔಷಧಿಯನ್ನು ನಿಷೇಧಿಸಿದ್ದು 2006ರಲ್ಲಿ; ಅಷ್ಟರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 95ಕ್ಕಿಂತ ಹೆಚ್ಚು ಅಳಿದಿದ್ದವು. ಕಾಡಿಗೆ ಎಷ್ಟು ಕಾವಲುಗಾರರನ್ನು ಹಾಕಿದ್ದರೂ ಕೊಟ್ಟಿಗೆಯ ಆ ಸೂಜಿಯನ್ನು ತಡೆಯಲು ಆಗುತ್ತಿರಲಿಲ್ಲ.

ಇಷ್ಟು ಹೇಳಿ ರೈತನ ಕಡೆ ಬೆರಳು ತೋರಿಸುವುದು ಸುಲಭ, ಅದು ಅನ್ಯಾಯ ಕೂಡ. “ಪೊದ ಮಡಗುದ್ರ ಹಂದಿ ಸೇರ್ಕತ್ತವ ಸ್ವಾಮಿ” ಎಂಬ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ರಾತ್ರಿಯೆಲ್ಲ ಹೊಲ ಕಾಯುವವನು ಅವನು. ಅಗ್ಗದ ಟೊಮೆಟೊ ಕೇಳುವವರು, ಕಾಡಂಚಿನ ರೆಸಾರ್ಟಿನಲ್ಲಿ ಹಕ್ಕಿಯ ಫೋಟೊ ತೆಗೆಯುವವರು ನಾವು. ಹಕ್ಕಿ ಉಳಿಸುವ ಖರ್ಚನ್ನು ಎಲ್ಲರಿಗಿಂತ ಕಡಿಮೆ ಇರುವವನ ಹೆಗಲಿಗೆ ಹೊರಿಸುವುದು ಧರ್ಮವಲ್ಲ.

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಹೊಲದಲ್ಲಿ ನೆಟ್ಟ ಸಸಿ ಬದುಕಿದರೆ ಮೂರು ವರ್ಷ ರೈತನಿಗೆ ಪ್ರೋತ್ಸಾಹಧನ ಸಿಗುತ್ತದೆ. ಒಳ್ಳೆಯದೇ. ಆದರೆ ಸಸಿಯಲ್ಲಿ ಪೊಟರೆ ಇರುವುದಿಲ್ಲ. ಅದಕ್ಕೆ ದಶಕಗಳು ಬೇಕು. ಅಜ್ಜ ಬಿಟ್ಟುಹೋದ ಬೇವು, ಹೊಂಗೆ, ಆಲವನ್ನು ಕಡಿಯದೆ ಉಳಿಸಿಕೊಂಡವನಿಗೂ, ಬೇಲಿಸಾಲು ಬಿಟ್ಟವನಿಗೂ ಸರಕಾರ ವರ್ಷವರ್ಷ ಹಣ ಕೊಡಲಿ. ಅದು ನಮ್ಮೆಲ್ಲರ ತೆರಿಗೆಯಿಂದಲೇ ಹೋಗಲಿ.