ಕೇಳದೆ ತೆಗೆದದ್ದು ದಾನವಲ್ಲ



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಬ್ಬಿ ಕಡೆಯ ಯುವಕನೊಬ್ಬ ನನ್ನ ಬಳಿ ಬಂದ. ತಾಯಿಗೆ ಬಾಯಿ ಕ್ಯಾನ್ಸರ್. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ತೆಗೆದ ಗಡ್ಡೆಯಲ್ಲಿ ಉಳಿಯುವ ಭಾಗವನ್ನು ಸಂಶೋಧನೆಗೆ ಕೊಡಲು ಒಪ್ಪಿಗೆಯೇ ಎಂದು ಆಸ್ಪತ್ರೆಯ ಕಾಗದ ಕೇಳಿತ್ತು. “ಹೇಗೂ ಬಿಸಾಡೋ ಗಡ್ಡೆ, ಫಾದರ್. ಅಮ್ಮನಿಗೆ ಹೇಳದೆ ನಾನೇ ಒಪ್ಪಿಬಿಡಲಾ?” ಎಂದ.

ಸಂಶೋಧಕರು ಆ ತುಣುಕನ್ನು ಸಣ್ಣಗೆ ಕತ್ತರಿಸಿ, ಪೋಷಕ ದ್ರವದಲ್ಲಿಟ್ಟು, ನಮ್ಮ ಮೈಯಷ್ಟೇ ಬಿಸಿಯಲ್ಲಿ, 37 ಡಿಗ್ರಿಯಲ್ಲಿ ಕಾಯುತ್ತಾರೆ. ಬಹುಪಾಲು ಜೀವಕೋಶಗಳು ಸಾಯುತ್ತವೆ. ಎಲ್ಲೋ ಕೆಲವು ಮಾತ್ರ ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತವೆ. ಹೊಸ ಔಷಧಿಗಳನ್ನು ಮೊದಲು ಅವುಗಳ ಮೇಲೆ ಪರೀಕ್ಷಿಸಬಹುದು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಎಲೆಅಡಿಕೆ ಹಾಕುವ ನಮ್ಮ ಕುಣಿಗಲ್, ಗುಬ್ಬಿ, ತುಮಕೂರಿನ ಜನರ ಕಾಯಿಲೆಯನ್ನು ಅರಿಯಲು ನಮ್ಮವರ ಜೀವಕೋಶಗಳೇ ಬೇಕಲ್ಲವೇ? ಆದ್ದರಿಂದ ಈ ಕೆಲಸ ಒಳ್ಳೆಯದು.

ಆದರೆ ಒಳ್ಳೆಯ ಕೆಲಸಕ್ಕೂ ಒಂದು ಬಾಗಿಲಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ಕಪ್ಪುವರ್ಣೀಯ ತಾಯಿ ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಅವರನ್ನು ಕೇಳದೆಯೇ ಗಡ್ಡೆಯ ತುಣುಕನ್ನು ಪ್ರಯೋಗಾಲಯಕ್ಕೆ ಕೊಡಲಾಯಿತು. ಅದೇ ವರ್ಷ 31ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ‘ಹೀಲಾ’ ಎಂಬ ಹೆಸರಿನ ಆ ಜೀವಕೋಶಗಳು ಇಂದಿಗೂ ಬೆಳೆಯುತ್ತಿವೆ. ಪೋಲಿಯೊ ಲಸಿಕೆಯ ಪರೀಕ್ಷೆಗೂ ನೆರವಾದವು. ಮನೆಯವರಿಗೆ ವಿಷಯ ತಿಳಿದದ್ದು 1970ರ ದಶಕದಲ್ಲಿ. ಅವುಗಳಿಂದ ಲಾಭ ಪಡೆದ ಕಂಪನಿಯೊಂದು ಕುಟುಂಬದೊಂದಿಗೆ ರಾಜಿ ಮಾಡಿಕೊಂಡದ್ದು 2023ರಲ್ಲಿ.

ಜಗತ್ತಿಗೆ ಒಳಿತಾಯಿತು, ನಿಜ. ಆದರೆ ಕೇಳಿದ್ದರೆ ಆಕೆ ಕೊಡುತ್ತಿದ್ದರೋ ಏನೋ! ಆ ಕೊಡುವ ಪುಣ್ಯವನ್ನೇ ಆಕೆಯಿಂದ ಕಸಿದುಕೊಂಡರು. ಮರುವರ್ಷ, 1952ರಲ್ಲಿ, ಜಗದ್ಗುರು 12ನೇ ಪಯಸ್‌ರವರು ವೈದ್ಯರಿಗೆ ಬೋಧಿಸಿದ್ದು ಇದನ್ನೇ: ರೋಗಿ ಕೊಟ್ಟಷ್ಟೇ ಅಧಿಕಾರ ವೈದ್ಯನಿಗೆ, ವಿಜ್ಞಾನದ ಹಿತವೊಂದೇ ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಒಪ್ಪದಿದ್ದರೆ ಚಿಕಿತ್ಸೆಗೆ ಕುಂದು ಬರಕೂಡದು.

ಸೀಸೆಯಲ್ಲಿ ಬೆಳೆಯುವ ಜೀವಕೋಶದಲ್ಲಿ ಆತ್ಮವಿದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಆತ್ಮ ಇಡೀ ಮನುಷ್ಯನದು, ತುಣುಕಿನದಲ್ಲ. ಪುನರುತ್ಥಾನಕ್ಕೂ ಅದರಿಂದ ಅಡ್ಡಿಯಿಲ್ಲ. ಹಾಗೆಂದು ಅದು ಬರೀ ಕಸವೂ ಅಲ್ಲ. ಸಂತರ ಅವಶೇಷ ಸಂತರೇ ಅಲ್ಲ. ಆದರೂ ಅದನ್ನು ನಾವು ಗೌರವದಿಂದ ಕಾಣುವುದಿಲ್ಲವೇ?

ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ನೆನೆಯಿರಿ. ಆ ಕಾಸನ್ನು ಯಾರೋ ಆಕೆಯ ಸೆರಗಿನಿಂದ ಬಿಚ್ಚಿಕೊಂಡಿದ್ದರೆ ಪ್ರಭು ಯೇಸು ಅದನ್ನು ಕಾಣಿಕೆ ಎನ್ನುತ್ತಿದ್ದರೇ?

“ಮನೆಗೆ ಹೋಗಿ ಅಮ್ಮನಿಗೆ ಓದಿ ಹೇಳಪ್ಪ” ಎಂದೆ. ಅವನು ಓದಿ ಹೇಳಿದ. “ಇದನ್ನು ಮಾರ್ತಾರಾ?” ಎಂದು ತಾಯಿ ಕೇಳಿದರಂತೆ. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮತ್ತೆ ವೈದ್ಯರ ಬಳಿ ಹೋಗಿ ಕೇಳಿಕೊಂಡು ಬಂದ. ಕೊನೆಗೆ ಆಕೆ ಏನು ತೀರ್ಮಾನಿಸಿದರೆಂದು ಇಲ್ಲಿ ಬರೆಯಲಾರೆ, ಅದು ಆಕೆಯದು.

ನಿಮ್ಮ ಮನೆಗೂ ಅಂಥ ಕಾಗದ ಬರಬಹುದು. ಅಕ್ಷರ ಬಲ್ಲವರು ಅದನ್ನು ಕಾಯಿಲೆಯವರ ಹಾಸಿಗೆಯ ಬಳಿ ಕೂತು ಓದಿ ಹೇಳಿರಿ. ನಿಮ್ಮನ್ನೇ ಕೇಳಿದರೆ, ಸಾಧ್ಯವಾದಲ್ಲಿ ಉದಾರವಾಗಿ ಕೊಡಿರಿ. ಆದರೆ ಇನ್ನೊಬ್ಬರ ಪರವಾಗಿ, ಅವರನ್ನು ಕೇಳದೆ, ಉದಾರಿಗಳಾಗಬೇಡಿ.