ಉರಿಯದ ದೀಪದ ಸಾಕ್ಷಿ

ಮಳೆಗಾಲದ ಒಂದು ರಾತ್ರಿ. ನಾಗೋಡಿ ಕಡೆಯಿಂದ ಘಾಟಿ ಇಳಿದು ಕೊಲ್ಲೂರಿಗೆ ಬರುತ್ತಿರುವ ಹಳೆಯ ಅಂಬಾಸಿಡರ್ ಕಾರೊಂದನ್ನು ಕಲ್ಪಿಸಿಕೊಳ್ಳಿ. ಹೆಡ್‌ಲೈಟ್ ಉರಿಯುತ್ತಿದೆ, ವೈಪರ್ ಆಡುತ್ತಿದೆ, ಡ್ಯಾಶ್‌ಬೋರ್ಡ್ ಮಾತ್ರ ಕತ್ತಲೆ. ವೇಗದ ಮುಳ್ಳು ತನ್ನ ಪಾಡಿಗೆ ಏರಿಳಿಯುತ್ತಿದ್ದರೂ ಚಾಲಕನಿಗೆ ಕಾಣದು. ಆದರೂ ಅವನಿಗೊಂದು ಸಮಾಧಾನ: ಆಯಿಲ್‌ನ ಕೆಂಪು ದೀಪ ಹತ್ತಿಲ್ಲ, ಚಾರ್ಜಿನ ಕೆಂಪು ದೀಪವೂ ಹತ್ತಿಲ್ಲ. ಅಂದಮೇಲೆ ಎಂಜಿನ್ ಚೆನ್ನಾಗಿದೆ.

ಈ ‘ಅಂದಮೇಲೆ’ ಎಷ್ಟು ಗಟ್ಟಿ?

ಮುಳ್ಳಿನ ಹಿಂದಿನ ಬೆಳಕು ಹೋದದ್ದಕ್ಕೆ ಮೆಕ್ಯಾನಿಕ್ ಹುಡುಕುವ ದಾರಿ ನೇರವಾದದ್ದು. ಒಂದೇ ಬಲ್ಬ್ ಹೋಗಿದ್ದರೆ ದೋಷ ಆ ಬಲ್ಬಿನದೋ ಅದರ ಹೋಲ್ಡರಿನದೋ ಇರಬೇಕು. ಎಲ್ಲವೂ ಒಟ್ಟಿಗೆ ಆರಿದ್ದರೆ ಎಲ್ಲಕ್ಕೂ ಸೇರಿದ ಜಾಗವನ್ನು ನೋಡಬೇಕು: ಫ್ಯೂಸ್, ಸ್ವಿಚ್, ಅರ್ಥ್. ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಬಾಡಿಗೇ ಕಟ್ಟಿರುತ್ತಾರೆ. ಕರೆಂಟು ವಾಪಸಾಗುವುದು ಆ ತಗಡಿನ ಮೂಲಕವೇ. ಕರಾವಳಿಯ ತೇವಕ್ಕೆ ಹೋಲ್ಡರಿನ ಒಳಗೆ ಹಸಿರು ಕಿಲುಬು ಕಟ್ಟಿಕೊಂಡರೆ ಬಲ್ಬ್ ಸರಿಯಿದ್ದೂ ಉರಿಯದು. ಬಲ್ಬನ್ನು ಬಿಚ್ಚಿ, ಹೋಲ್ಡರನ್ನು ಉಪ್ಪುಕಾಗದದಿಂದ ಉಜ್ಜಿ, ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಬಹುದು.

ಕೆಂಪು ದೀಪದ ವಿಷಯ ಹಾಗಲ್ಲ. ಅದು ಆರಿರುವುದೇ ಅದರ ಶುಭವಾರ್ತೆ. ಆಯಿಲ್‌ ಒತ್ತಡ ಕಡಿಮೆಯಿದ್ದಾಗ ಎಂಜಿನ್ನಿನ ಮೈಮೇಲಿನ ಪುಟ್ಟ ಸ್ವಿಚ್ಚೊಂದು ದೀಪವನ್ನು ಅರ್ಥ್‌ಗೆ ಜೋಡಿಸುತ್ತದೆ, ದೀಪ ಹತ್ತುತ್ತದೆ. ಒತ್ತಡ ಏರಿದೊಡನೆ ಜೋಡಣೆ ಬಿಟ್ಟುಹೋಗಿ ಆರುತ್ತದೆ. ಆದರೆ ಬಲ್ಬ್ ಸುಟ್ಟುಹೋಗಿದ್ದರೂ ಅದು ಆರಿಯೇ ಇರುತ್ತದೆ. ಆರೋಗ್ಯವಂತ ಎಂಜಿನ್ನಿಗೂ ಸತ್ತ ಬಲ್ಬಿಗೂ ಒಂದೇ ಮುಖ. ಘಾಟಿಯಲ್ಲಿ ಬರುತ್ತಿರುವವನ ಸಮಾಧಾನ ಈ ಎರಡರಲ್ಲಿ ಯಾವುದನ್ನು ನಂಬಿಕೊಂಡಿದೆಯೋ ಅವನಿಗೇ ಗೊತ್ತಿಲ್ಲ.

7ನೇ ಶತಮಾನದ ಕುಮಾರಿಲ ಭಟ್ಟನಿಂದ ಹಿಡಿದು 17ನೇ ಶತಮಾನದ ‘ವೇದಾಂತ ಪರಿಭಾಷಾ’ದವರೆಗೆ ಸಾವಿರ ವರ್ಷ ನಮ್ಮ ದಾರ್ಶನಿಕರು ಬಿಡದೆ ಚರ್ಚಿಸಿದ್ದು ಇದನ್ನೇ. ನೆಲದ ಮೇಲೆ ಗಡಿಗೆ ಇಲ್ಲ ಎಂದು ನಮಗೆ ತಿಳಿಯುವುದು ಹೇಗೆ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದಕ್ಕೆ ‘ಅನುಪಲಬ್ಧಿ’ (ಕಾಣದಿರುವಿಕೆ) ಎಂಬ ಬೇರೆಯದೇ ಪ್ರಮಾಣ, ಅಂದರೆ ಅರಿವಿನ ಸಾಧನ, ಬೇಕೆಂದರು. ನೈಯಾಯಿಕರು ಒಪ್ಪಲಿಲ್ಲ, ಅಭಾವವನ್ನೂ ಇಂದ್ರಿಯವೇ ಹಿಡಿಯುತ್ತದೆ ಎಂದರು. ಇದೇ ಉಡುಪಿ ಸೀಮೆಯ ಮಧ್ವರ ಪರಂಪರೆಯೂ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಸಾಕೆಂದಿತು. ಜಗಳ ಎಷ್ಟೇ ಇರಲಿ, ಒಂದು ಷರತ್ತನ್ನು ಯಾರೂ ಕೈಬಿಡಲಿಲ್ಲ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿದ್ದಾಗ ಮಾತ್ರ ಕಾಣದಿರುವುದು ಸಾಕ್ಷಿಯಾಗುತ್ತದೆ. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಹಗಲಿನ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಬೌದ್ಧ ತಾರ್ಕಿಕ ಧರ್ಮಕೀರ್ತಿಯೂ ಇದೇ ಗೆರೆಯನ್ನು ಎಳೆದ: ಕಾಣಬಲ್ಲ ವಸ್ತು ಕಾಣದಿದ್ದರೆ ನಿಶ್ಚಯ, ಕಾಣಲಾಗದ ವಸ್ತು ಕಾಣದಿದ್ದರೆ ಬರೀ ಸಂಶಯ.

ಕನ್ನಡದ ಬಾಯಿಗೂ ಈ ಎಚ್ಚರ ಹೊಸದಲ್ಲ. ಕಳೆದುಹೋದ ಬೀಗದ ಕೈಯನ್ನು ನಾವು ‘ಕಾಣೆಯಾಗಿದೆ’ ಎನ್ನುತ್ತೇವೆ. ಪೊಲೀಸ್ ಪ್ರಕಟಣೆಯಲ್ಲೂ ಮನುಷ್ಯರು ‘ಕಾಣೆಯಾಗಿದ್ದಾರೆ’. ಕಣ್ಣಿಗೆ ಬೀಳುತ್ತಿಲ್ಲ ಎಂಬಷ್ಟನ್ನೇ ಹೇಳಿ ಆ ಪದ ನಿಲ್ಲುತ್ತದೆ. ‘ಇಲ್ಲ’ ಎಂಬ ಮಾತು ಮನೆಯವರ ಬಾಯಿಂದ ಬರುವುದೇ ಇಲ್ಲ; ಹುಡುಕುವುದಕ್ಕೆ ಜಾಗ ಉಳಿದಿರುತ್ತದೆ.

ದೇವಿಯ ದರ್ಶನಕ್ಕೆಂದು ಕೊಲ್ಲೂರಿಗೆ ಬರುವವರ ಮನಸ್ಸಿನಲ್ಲಿ ಈ ಪ್ರಶ್ನೆ ಗಡಿಗೆಯದಾಗಿ ಉಳಿಯುವುದಿಲ್ಲ. ಕಾಣದ ದೇವರು ಇಲ್ಲವೆಂದೇ ಅರ್ಥವೇ? ಚಾರ್ವಾಕರು ಹೌದೆಂದರು. ನೈಯಾಯಿಕ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ ಅದೇ ಷರತ್ತನ್ನು ಮುಂದಿಟ್ಟ: ಈಶ್ವರ ಕಣ್ಣಿಗೆ ಬೀಳುವ ಜಾತಿಯ ವಸ್ತುವಲ್ಲ, ಹಾಗಾಗಿ ಕಾಣದಿರುವುದು ಅವನ ವಿರುದ್ಧ ಸಾಕ್ಷಿಯಾಗದು. ಇಷ್ಟರಿಂದಲೇ ಈಶ್ವರ ಇದ್ದಾನೆಂದು ಗೆದ್ದಂತಾಗಲಿಲ್ಲ ಎಂಬುದೂ ಅವನಿಗೆ ತಿಳಿದಿತ್ತು. ಅದಕ್ಕೆಂದೇ ಐದನೆಯ ಸ್ತಬಕದಲ್ಲಿ ಬೇರೆ ಹೇತುಗಳನ್ನು ಜೋಡಿಸಿದ. ಈ ಪ್ರಾಮಾಣಿಕತೆ ದೊಡ್ಡದು. ಕಾಣುತ್ತಿಲ್ಲ ಎಂಬ ಒಂದೇ ಮಾತಿನಿಂದ ನಾಸ್ತಿಕನೂ ಗೆಲ್ಲಲಾರ, ಆಸ್ತಿಕನೂ ಗೆಲ್ಲಲಾರ.

ಈ ಕ್ಷೇತ್ರದ ದೇವಿಯ ಹೆಸರಿನಲ್ಲೇ ಇಂಥದ್ದೊಂದು ಮೌನವಿದೆ. ದೈತ್ಯನೊಬ್ಬ ಶಿವನನ್ನು ಕುರಿತು ಘೋರ ತಪಸ್ಸು ಮಾಡಿ, ವರ ಕೇಳುವ ಹೊತ್ತಿಗೆ ವಾಗ್ದೇವಿಯಿಂದ ಮೂಕನಾದ, ಮೂಕಾಸುರನೆಂದು ಕರೆಸಿಕೊಂಡ. ಅವನನ್ನು ಕೊಂದ ತಾಯಿ ಮೂಕಾಂಬಿಕೆ. ಕೇಳಿಕೆ ಬಾಯಿಂದ ಹೊರಡಲಿಲ್ಲ, ಒಳಗಿನ ಆಸೆ ಮಾತ್ರ ಎಲ್ಲೂ ಹೋಗಿರಲಿಲ್ಲ. ದೇವಿ ಆ ಮೌನವನ್ನು ಸಾಧುತನವೆಂದು ಓದಲಿಲ್ಲ ಎಂಬುದೇ ಸ್ಥಳಪುರಾಣದ ತಿರುಳು. ಅದೇ ಗುಡಿಯ ಸರಸ್ವತಿ ಮಂಟಪದ ಬಳಿ ವಿಜಯದಶಮಿಯ ದಿನ ಮಕ್ಕಳಿಗೆ ಅಕ್ಷರಾಭ್ಯಾಸ ನಡೆಯುತ್ತದೆ. ಅದರ ಹಿಂದಿನ ದಿನ ನಾಡಿನ ಗಾಡಿಗಳಿಗೆಲ್ಲ ಆಯುಧಪೂಜೆ: ಬಾನೆಟ್ಟಿಗೆ ಹೂವು, ಚಕ್ರದಡಿಗೆ ನಿಂಬೆಹಣ್ಣು.

ಹಳೆಯ ಗಾಡಿಯವರು ಆ ದಿನ ಇನ್ನೊಂದು ಕೆಲಸವನ್ನೂ ಮಾಡಬಹುದು. ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಒಂದೇ ಹಂತ ತಿರುಗಿಸಬೇಕು. ಎರಡೂ ಕೆಂಪು ದೀಪಗಳು ಆಗಲೇ ಹತ್ತಬೇಕು, ಏಕೆಂದರೆ ಆಯಿಲ್ ಒತ್ತಡವೂ ಇನ್ನೂ ಹುಟ್ಟಿಲ್ಲ, ಚಾರ್ಜೂ ಇಲ್ಲ. ಯಾವುದು ಹತ್ತಲಿಲ್ಲವೋ ಅದರ ಬಲ್ಬನ್ನು ಮೊದಲು ಬದಲಿಸಬೇಕು. ಎರಡೂ ಹತ್ತಿದವೆಂದರೆ ಸೆಲ್ಫ್ ಹೊಡೆಯಬೇಕು. ಎಂಜಿನ್ ಗುಡುಗಿ ಹಿಡಿಯುತ್ತಿದ್ದಂತೆ ಅವು ಒಂದರ ಹಿಂದೊಂದು ಆರುವುದನ್ನು ಕಣ್ಣಾರೆ ನೋಡಿ, ಆಮೇಲೆ ಘಾಟಿಯ ಕಡೆ ತಿರುಗಬೇಕು.