ದಿನದ ಅಕ್ಕಿ, ದಿನದ ಉಸಿರು

ಶ್ವಾಸಕೋಶದಲ್ಲಿ ಅರ್ಬುದರೋಗ, ಜನ ಕ್ಯಾನ್ಸರ್ ಎನ್ನುವುದು, ಸೇರಿದೆಯೆಂದು ವೈದ್ಯರು ನುಡಿದ ದಿನ ಮನೆಯಲ್ಲಿ ಎರಡು ಪ್ರಶ್ನೆಗಳು ಹುಟ್ಟುವುವು: ‘ಇನ್ನೆಷ್ಟು ದಿನ?’, ‘ಇದು ಯಾವ ಪಾಪದ ಫಲ?’ ಎರಡನೆಯದನ್ನು ಮೊದಲು ಹೊರಗೆ ಹಾಕಬೇಕು. ಧೂಮಪಾನವು ಈ ರೋಗಕ್ಕೆ ಪ್ರಧಾನ ಕಾರಣವೆಂಬುದು ನಿಶ್ಚಿತವೇ; ಆದರೆ ಬೀಡಿ ಸಿಗರೇಟುಗಳನ್ನು ಎಂದೂ ಮುಟ್ಟದವರಿಗೂ ಇದು ಬರುತ್ತದೆ. ರೋಗಿಯ ತಲೆದೆಸೆಯಲ್ಲಿ ಕುಳಿತು ಪೂರ್ವಕರ್ಮದ ಲೆಕ್ಕ ತೆಗೆಯುವುದು ಶರಣರ ಮಾರ್ಗವಲ್ಲ.

ಮೊದಲನೆಯ ಪ್ರಶ್ನೆ ಕಠಿಣವಾದುದು. ಅದನ್ನು ಎದುರಿಸಿದ ಒಬ್ಬರ ವೃತ್ತಾಂತ ವೈದ್ಯಚರಿತ್ರೆಯಲ್ಲಿದೆ. 1933ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಪ್ರಸೂತಿವೈದ್ಯ ಜೇಮ್ಸ್ ಗಿಲ್ಮೋರ್ ಈ ರೋಗಕ್ಕೆ ತುತ್ತಾಗಿ, ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ ಅವರಲ್ಲಿಗೆ ಬಂದರು. ಒಂದೇ ಶಸ್ತ್ರಕ್ರಿಯೆಯಲ್ಲಿ ಇಡೀ ಶ್ವಾಸಕೋಶವನ್ನು ತೆಗೆಸಿಕೊಂಡು ಬದುಕುಳಿದ ಅರ್ಬುದರೋಗಿ ಅದುವರೆಗೆ ಯಾರೂ ಇರಲಿಲ್ಲ. ಶಸ್ತ್ರಕ್ರಿಯೆಗೆ ಮುನ್ನ ಗಿಲ್ಮೋರ್ ಊರಿಗೆ ಹೋಗಿ ಎರಡು ಕೆಲಸಗಳನ್ನು ಮುಗಿಸಿ ಬಂದರು. ಹುಳುಕು ಹಲ್ಲುಗಳನ್ನು ತುಂಬಿಸಿಕೊಂಡರು. ತಮ್ಮ ಸಮಾಧಿಗೆ ಸ್ಥಳವನ್ನೂ ಕೊಂಡರು! ಏಪ್ರಿಲ್ 5ರಂದು ಅವರ ಎಡ ಶ್ವಾಸಕೋಶವನ್ನು ತೆಗೆಯಲಾಯಿತು. ಅವರು ಚೇತರಿಸಿಕೊಂಡು ಮತ್ತೆ ವೈದ್ಯವೃತ್ತಿಗೆ ಮರಳಿದರು, 1963ರವರೆಗೆ ಬಾಳಿದರು. ಧೂಮಪಾನಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು 1950ರಲ್ಲಿ ಸಹಸಂಶೋಧಕರೊಡನೆ ಪ್ರಕಟಿಸಿದ ಗ್ರಹಾಂ ಅವರೇ 1957ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಆಯುಸ್ಸಿನ ಗಣಿತ ಮನುಷ್ಯನ ಕೈಯಲ್ಲಿಲ್ಲ.

ಎಲ್ಲರಿಗೂ ಮೂವತ್ತು ವರ್ಷ ದೊರೆಯುವುದೆಂದು ಇದರ ಅರ್ಥವಲ್ಲ; ಹಾಗೆ ನಂಬಿಸುವುದು ವಂಚನೆ. ನೋಡಬೇಕಾದುದು ಆ ಎರಡು ಕೆಲಸಗಳನ್ನು. ಸಮಾಧಿಯ ಸ್ಥಳ ಕೊಂಡವರು ಸಾವನ್ನು ಮರೆತಿರಲಿಲ್ಲ. ಹಲ್ಲು ತುಂಬಿಸಿಕೊಂಡವರು ನಾಳಿನ ಊಟವನ್ನು ಬಿಟ್ಟುಕೊಟ್ಟಿರಲಿಲ್ಲ.

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಮಾಮೂಲಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದ ಕಥೆಯನ್ನು ಭಕ್ತರು ಬಲ್ಲರು. ನಾಳೆಯ ಚಿಂತೆಯನ್ನು ಇಂದೇ ಗಂಟು ಕಟ್ಟಿ ಹೊತ್ತು ತರುವ ರೋಗಿಗೂ ಆ ತಾಯಿಯ ಮಾತು ಸಲ್ಲುತ್ತದೆ. ಆದರೆ ಜನರು ಸಾಮಾನ್ಯವಾಗಿ ಗಮನಿಸದ ಅಂಶವೊಂದುಂಟು. ಆ ದಿನದ ಪಾಲನ್ನು ಆಯುವುದು ಬೇಡವೆಂದು ಆಕೆ ಎಂದೂ ಹೇಳಲಿಲ್ಲ. ಔಷಧವನ್ನು ತೊರೆದು ವಿಭೂತಿಯೊಂದೇ ಸಾಕೆನ್ನುವವನು ಅಂಗಳದ ಅಕ್ಕಿಯನ್ನು ಆಯದೆ ಬರಿಗೈಯಲ್ಲಿ ಮನೆಗೆ ಬಂದವನಂತೆ. ರೋಗಕಣಗಳಲ್ಲಿನ ಒಂದು ವಂಶವಾಹಿಯ ಬದಲಾವಣೆಯನ್ನು 2004ರಲ್ಲಿ ಗುರುತಿಸಿದ ಮೇಲೆ, ಅಂತಹ ಬದಲಾವಣೆಯುಳ್ಳ ರೋಗಿಗಳು ಮಾತ್ರೆಗಳಿಂದಲೇ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ತಮ್ಮ ಕಾಯಕದಲ್ಲಿ ನಿಂತಿದ್ದಾರೆ. ಎಲ್ಲರಿಗೂ ಅದು ಒದಗದು. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನೋವನ್ನೂ ಏದುಸಿರನ್ನೂ ತಗ್ಗಿಸುವ ಉಪಶಮನ ಚಿಕಿತ್ಸೆಯನ್ನು ಕಡೆಯ ವಾರಕ್ಕೆಂದು ಮುಂದೂಡುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ರೋಗವು ಹರಡಿದವರ ಮೇಲೆ ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಆರೈಕೆಯನ್ನು ಆರಂಭದಿಂದಲೇ ಪಡೆದವರ ಮನಸ್ಸಿನ ಕುಗ್ಗು ಉಳಿದವರಿಗಿಂತ ಕಡಿಮೆಯಾಗಿತ್ತು. ಅವರು ಬದುಕಿದ ಕಾಲವೂ ಹೆಚ್ಚಾಗಿತ್ತು.